ಕವರಿನ ಒಳಗಿನ ತ್ರಿಕೋನ

ಹಳೇ ಕಾರು ಮಾರೋರೆಲ್ಲ ಸುಳ್ಳರು, ಕೊಳ್ಳೋರೆಲ್ಲ ಪೆದ್ದರು. ನಲವತ್ತು ವರ್ಷ ಈ ಇಬ್ಬರ ನಡುವೆ ಬಾನೆಟ್ ಎತ್ತಿಕೊಂಡು ನಿಂತವನು ನಾನು. ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರೋನು ಏನು ಮಾಡ್ತಾನೆ? ಹಿಂದಿನ ದಿನ ಗಾಡಿ ತೊಳೆಸಿ, ಟೈರಿಗೆ ಕರೀ ಪಾಲಿಶ್ ಬಳಿದು, ಒಳಗೆ ತಲೆ ತಿರುಗೋ ಹಾಗೆ ಸೆಂಟು ಹೊಡೆದು ನಿಲ್ಲಿಸ್ತಾನೆ. ಕೊಳ್ಳೋನು ಬಂದು ಬಾಗಿಲು ತೆಗೀತಾನೆ, ಮೂಗರಳಿಸಿ "ಆಹಾ" ಅಂತಾನೆ, ಸೀಟಲ್ಲಿ ಕೂತು ಕನ್ನಡೀಲಿ ತನ್ನ ಮುಖ ನೋಡ್ಕೋತಾನೆ. ಇಳಿದು ಬಂದು ಟೈರಿಗೆ ಒಂದು ಒದೆ ಕೊಡ್ತಾನೆ. ಯಾಕಪ್ಪ ಒದೀತೀಯ, ಆ ಟೈರು ನಿನಗೇನು ಮಾಡಿತ್ತು ಅಂತ ಕೇಳಿದರೆ ಉತ್ತರ ಇಲ್ಲ. ಒದ್ದರೆ ತನ್ನನ್ನ ಗಾಡಿ ತಿಳಿದೋನು ಅಂದುಕೋತಾರೆ ಅಂತ ಅವನ ಎಣಿಕೆ. ಮಾರೋನು ಒಳಗೊಳಗೇ ನಗ್ತಾ ಇರ್ತಾನೆ.

ನಾನು ಒದೆಯೋದಿಲ್ಲ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡ್ತೀನಿ. ಬೆಚ್ಚಗಿದ್ದರೆ ಮುಗೀತು. ನಾನು ಬರೋ ಮುಂಚೇನೇ ಎಂಜಿನ್ ಓಡಿಸಿದ್ದಾನೆ, ತಣ್ಣಗಿದ್ದಾಗ ಅದು ಕೆಮ್ಮುತ್ತೆ, ಆ ಕೆಮ್ಮು ನನ್ನ ಕಿವಿಗೆ ಬೀಳಬಾರದು ಅಂತ ಅವನ ಆಸೆ. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಪ್ರಶ್ನೆ ಕೇಳ್ತೀನಿ: "ಇನ್ನೇನು ಮುಚ್ಚಿಟ್ಟಿದ್ದೀರಿ?" ಎಂಥೆಂಥವರೋ ಆ ಪ್ರಶ್ನೆಗೆ ಹಲ್ಲು ಗಿಂಜಿದ್ದನ್ನ ನೋಡಿದ್ದೀನಿ.

ಈಗ ನನ್ನ ತಂಗಿಯ ವಿಷಯ. ಅವಳಿಗೆ ನಲವತ್ತೇಳು. ರಕ್ತ ತೆಗೆಯೋ ಕೆಲಸ. ಇಪ್ಪತ್ತು ವರ್ಷ ಒಂದೇ ಆಸ್ಪತ್ರೇಲಿ ದುಡಿದಳು, ಅವರು ಹೋದ ವರ್ಷ ಆ ವಿಭಾಗಾನೇ ಮುಚ್ಚಿ ಕೈ ತೊಳ್ಕೊಂಡರು. ಆರು ತಿಂಗಳು ಅಲೆದ ಮೇಲೆ ಒಂದು ಲ್ಯಾಬಿನವರು ಕರೆದಿದ್ದರು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ರಕ್ತ ತರಬೇಕು, ದಿನಕ್ಕೆ ತೊಂಬತ್ತು ಕಿಲೋಮೀಟರ್, ಅದರಲ್ಲಿ ಅರ್ಧ ಹೆದ್ದಾರಿ. ಷರತ್ತು ಒಂದೇ, ಸ್ವಂತ ಕಾರು ಇರಬೇಕು. ಸೋಮವಾರ ಬೆಳಿಗ್ಗೆ ಆರಕ್ಕೆ ಕಾರು ತಗೊಂಡು ಲ್ಯಾಬಿನ ಬಾಗಿಲಲ್ಲಿರಬೇಕು. ಇಲ್ಲದಿದ್ದರೆ ಆ ಕೆಲಸ ಸಾಲಲ್ಲಿ ನಿಂತಿರೋ ಇನ್ನೊಬ್ಬಳಿಗೆ.

ಹೊಸದು ಕೈಗೆಟುಕೋ ಮಾತಲ್ಲ. ಅವಳ ಗಂಡ ಒಳ್ಳೇ ಮನುಷ್ಯ, ಆದರೆ ಕಾರು ಅಂದರೆ ಬಣ್ಣ ಅಂತ ತಿಳಿದವನು. ಹಾಗಾಗಿ ಹಳೇ ಕಾರು ಹುಡುಕೋ ಜವಾಬ್ದಾರಿ ನನ್ನ ತಲೆಗೆ ಬಂತು. ಮೂರು ವಾರದಲ್ಲಿ ಏಳು ಕಾರು ನೋಡಿದೆ, ಏಳನ್ನೂ ಬೇಡ ಅಂದೆ. ಒಂದರ ಕಾರ್ಪೆಟ್ ಎತ್ತಿದರೆ ಕೆಸರಿನ ವಾಸನೆ, ಪ್ರವಾಹದಲ್ಲಿ ಮುಳುಗಿ ಎದ್ದ ಗಾಡಿ. ಇನ್ನೊಂದರ ಮೀಟರು ಐವತ್ತು ಸಾವಿರ ಅನ್ನುತ್ತೆ, ಕ್ಲಚ್ ಪೆಡಲಿನ ರಬ್ಬರು ಸವೆದು ಕನ್ನಡಿ ಆಗಿದೆ. ಐವತ್ತು ಸಾವಿರದಲ್ಲಿ ಹೀಗೆ ಸವೆಯೋಕೆ ಅವನೇನು ಕಾಲಿಗೆ ಗರಗಸ ಕಟ್ಟಿಕೊಂಡು ಓಡಿಸಿದನಾ? ಮೂರನೇದರ ಬಾಗಿಲಿಗೆ ಅಯಸ್ಕಾಂತ ಹಿಡಿದರೆ ಅಂಟಲೇ ಇಲ್ಲ, ಬಣ್ಣದ ಕೆಳಗೆ ತಗಡಿಲ್ಲ, ಬರೀ ಪುಟ್ಟಿ ಮೆತ್ತಿದ್ದು. ಮಿಕ್ಕವನ್ನ ಹೇಳಿ ಬಾಯಿ ಹೊಲಸು ಮಾಡ್ಕೊಳ್ಳೋದಿಲ್ಲ.

ಶನಿವಾರ ಮಧ್ಯಾಹ್ನ ಎಂಟನೇ ಕಾರು ನೋಡೋಕೆ ಹೊರಟಾಗ ಬಸ್ಸಲ್ಲಿ ತಂಗಿ ಅಂದಳು, "ಇದೇ ಕೊನೇದು ಅಣ್ಣ. ಇದರಲ್ಲೂ ಹುಳುಕು ತೆಗೆದರೆ ಆ ಮೂಲೆ ದಲ್ಲಾಳಿ ಹತ್ತಿರ ಹೋಗಿ, ಅವನು ಕೊಟ್ಟದ್ದನ್ನ ಕಣ್ಮುಚ್ಚಿ ತಗೋತೀನಿ. ನೀನು ಬರೋದೇ ಬೇಡ."

"ಕಣ್ಮುಚ್ಚಿ ತಗೋ. ಆಮೇಲೆ ರೋಡಲ್ಲಿ ಕಣ್ಣು ಬಿಡ್ತೀಯ."

"ಈ ಪ್ರಪಂಚದಲ್ಲಿ ನೆಟ್ಟಗೆ ಕೆಲಸ ಮಾಡಿರೋನು ನೀನೊಬ್ಬನೇನಾ?"

"ಹೂಂ" ಅಂದೆ.

"ಸರಿ ಸರಿ. ತ್ರಿಕೋನದ ಕಥೆ ಶುರು ಮಾಡಬೇಡ ಮಾರಾಯ."

ತ್ರಿಕೋನದ ಕಥೆ ಇಷ್ಟೇ. ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಅಂತ ಹಲ್ಲಿರೋ ರಬ್ಬರ್ ಪಟ್ಟಿ ಇರುತ್ತೆ. ಎಂಜಿನ್ನಿನ ಮೇಲಿನ ಭಾಗ, ಕೆಳಗಿನ ಭಾಗ ಎರಡನ್ನೂ ತಾಳ ತಪ್ಪದ ಹಾಗೆ ತಿರುಗಿಸೋದು ಅದೇ. ತುಂಡಾದರೆ ಓಡ್ತಿರೋ ಎಂಜಿನ್ ತನ್ನನ್ನ ತಾನೇ ಕುಟ್ಟಿಕೊಂಡು ನಡುರಸ್ತೇಲಿ ಸಾಯುತ್ತೆ, ಹಿಂದೆ ಲಾರಿ ಬರ್ತಾ ಇರುತ್ತೆ. ಆದ್ದರಿಂದ ಲಕ್ಷ ಕಿಲೋಮೀಟರಿಗೊಂದು ಸಲ ಬದಲಾಯಿಸಬೇಕು. ನಾನಿದ್ದ ದೊಡ್ಡ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬೆಲ್ಟ್ ಹಾಕಿದವನು ಅದರ ಪ್ಲಾಸ್ಟಿಕ್ ಕವರಿನ ಒಳಗಡೆ ಬಿಳೀ ಪೇಂಟಲ್ಲಿ ಕಿಲೋಮೀಟರು, ತಾರೀಕು, ತನ್ನ ಗುರುತು ಬರೀಬೇಕು. ಒಬ್ಬ ಚುಕ್ಕಿ ಇಡ್ತಿದ್ದ, ಒಬ್ಬ ಗೀಟು ಹಾಕ್ತಿದ್ದ. ನನ್ನದು ತ್ರಿಕೋನ. ಎಲ್ಲಾದರೂ ಕವರು ತೆಗೆದಾಗ ಒಳಗೆ ತ್ರಿಕೋನ ಕಂಡರೆ ಹಾಗೇ ಮುಚ್ಚಿ, ಮುಂದೆ ನೋಡೋದೇ ಬೇಡ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದವನು ನಾನು. ತಂಗಿಗಂತೂ ಸಾವಿರ ಸಲ ಹೇಳಿದ್ದೆ.

ಎಂಟನೇ ಕಾರು ಒಬ್ಬ ನಿವೃತ್ತ ಲೈಬ್ರರಿಯನ್ನರದು. ಸಣಕಲು ಮನುಷ್ಯ, ಕತ್ತಿನ ಗುಂಡಿವರೆಗೂ ಹಾಕ್ಕೊಂಡ ಅಂಗಿ, ಜೇಬಲ್ಲಿ ಎರಡು ಪೆನ್ನು. ಗೇಟಿನ ಒಳಗೆ ತಗಡಿನ ಮಾಡು, ಅದರ ಕೆಳಗೆ ಬೂದು ಬಣ್ಣದ ಕಾರು. ಮೀಟರು ಒಂದು ಲಕ್ಷದ ಎಂಬತ್ನಾಲ್ಕು ಸಾವಿರ ತೋರಿಸ್ತಿತ್ತು. ಇಷ್ಟು ಓಡಿದ ಗಾಡೀನ ಹೆದರದೆ ಹಾಗೇ ತೋರಿಸ್ತಾನೆ ಅಂದರೆ ಒಂದೋ ಯೋಗ್ಯ, ಇಲ್ಲ ಭಾರೀ ಕಿಲಾಡಿ. ನಾನು ಯೋಗ್ಯರನ್ನ ಕಂಡವನಲ್ಲ.

ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ನನಗೆ ಬೇಜಾರೇ ಆಯ್ತು.

"ಇನ್ನೇನು ಮುಚ್ಚಿಟ್ಟಿದ್ದೀರಿ?"

ಆ ಮನುಷ್ಯ ಹಲ್ಲು ಗಿಂಜಲಿಲ್ಲ, ಕೋಪಾನೂ ಮಾಡ್ಕೊಳ್ಳಲಿಲ್ಲ. ಸ್ವಲ್ಪ ಯೋಚನೆ ಮಾಡಿ, "ಮುಚ್ಚಿಟ್ಟದ್ದು ಇಲ್ಲ ಸಾರ್, ಮರೆತದ್ದು ಇರಬಹುದು. ಒಂದು ನಿಮಿಷ" ಅಂತ ಒಳಗೆ ಹೋಗಿ ದಪ್ಪನೆ ಫೈಲು ತಂದರು. ವರ್ಷಕ್ಕೊಂದು ಬಣ್ಣದ ಚೀಟಿ ಅಂಟಿಸಿದ ಫೈಲು. ಹಿಂದಿನ ಎಡ ಬಾಗಿಲಿನ ತಗ್ಗು, ನಮ್ಮದೇ ಗೇಟಿಗೆ ತಾಗಿದ್ದು. ವೈಪರ್ ಮೋಟಾರು ಎರಡನೇದು. ಪ್ರತಿ ತಿಂಗಳು ಒಂದನೇ ತಾರೀಕು ಟೈರಿನ ಗಾಳಿ. ಹೀಗೆ ಓದ್ತಾ ಹೋದರು. ತಿಂಗಳು ತಿಂಗಳು ಗಾಳಿ ಬರೆದಿಡೋ ಮನುಷ್ಯನಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲವಾ ಅಂತ ನನಗನ್ನಿಸಿತು. ಇಂಥ ಅಚ್ಚುಕಟ್ಟಿನವರನ್ನ ನಾನು ಇನ್ನೂ ಕಮ್ಮಿ ನಂಬೋದು. ಕಾಗದ ಜಾಸ್ತಿ ಆದಷ್ಟೂ ಅದರ ಕೆಳಗೆ ಬಚ್ಚಿಡೋಕೆ ಜಾಗ ಜಾಸ್ತಿ.

ಪರೀಕ್ಷೆಗೆ ಇಳಿದೆ. ಎಂಜಿನ್ ಒಂದೇ ಸಲಕ್ಕೆ ಹಿಡೀತು, ಕೆಮ್ಮಲಿಲ್ಲ. ಆಯಿಲ್ ಮುಚ್ಚಳ ತಿರುಗಿಸಿ ಬೆರಳಾಡಿಸಿದೆ, ಜಿಡ್ಡು ಕಟ್ಟಿರಲಿಲ್ಲ. ರೇಡಿಯೇಟರಿನ ನೀರು ಸ್ವಚ್ಛ. ಹೊಗೆ ಕೊಳವೆ ಬಾಯಿಗೆ ಬಿಳೀ ಬಟ್ಟೆ ಹಿಡಿದೆ, ಕಪ್ಪಾಗಲಿಲ್ಲ. ನೆಲದ ಮೇಲೆ ಗೋಣಿ ಹಾಸಿ ಮಲಗಿ ಟಾರ್ಚು ಬಿಟ್ಟು ನೋಡಿದೆ, ಒಂದು ತೊಟ್ಟು ಎಣ್ಣೆ ಸೋರಿಲ್ಲ. ಟೈರಿನ ಪಕ್ಕದ ನಂಬರು ಓದಿದೆ, ಎರಡು ವರ್ಷದ್ದು. ಪೆಡಲಿನ ಸವೆತಕ್ಕೂ ಮೀಟರಿಗೂ ಸರಿಯಾಗಿ ತಾಳೆ ಆಯ್ತು. ಥೂ, ಎಲ್ಲ ಸರಿಯಿದೆಯಲ್ಲ ಅಂತ ಮೈ ಪರಚಿಕೊಳ್ಳೋ ಹಾಗಾಯ್ತು.

ತಂಗಿ ನನ್ನ ಮುಖಾನೇ ನೋಡ್ತಿದ್ದಳು. "ಏನಣ್ಣ?"

"ಓಡಿಸಿ ನೋಡೋಣ."

ಮೂವರೂ ಕೂತೆವು. ನಾನೇ ಓಡಿಸಿದೆ. ಹೆದ್ದಾರಿಗೆ ಹತ್ತಿಸಿ ತೊಂಬತ್ತರವರೆಗೆ ಒತ್ತಿದೆ, ಸ್ಟೀರಿಂಗ್ ಬಿಟ್ಟು ನೋಡಿದೆ, ಗಾಡಿ ಎಡಕ್ಕೂ ಎಳೀಲಿಲ್ಲ, ಬಲಕ್ಕೂ ಎಳೀಲಿಲ್ಲ. ಬ್ರೇಕು ಗಕ್ಕಂತ ಹಿಡೀತು. ವಾಪಸ್ ಬರೋವಾಗ ತಂಗೀನ ಕೂರಿಸಿದೆ. ಎರಡು ತಿಂಗಳ ಹಿಂದೆ ಲೈಸೆನ್ಸ್ ಮಾಡಿಸಿದವಳು, ಗೇರು ಬದಲಾಯಿಸೋವಾಗ ನಾಲಿಗೆ ಕಚ್ಕೋತಾಳೆ. ಹಿಂದಿನ ಸೀಟಿಂದ ಲೈಬ್ರರಿಯನ್ನರು, "ಮೂರನೇ ಗೇರಿಗೆ ಆತುರ ಮಾಡಬೇಡಿ ಅಮ್ಮ, ಅದು ತಾನಾಗೇ ಬೀಳುತ್ತೆ" ಅಂದರು. ಬಿತ್ತು. ತಂಗಿ ನಕ್ಕಳು. ಆರು ತಿಂಗಳಿಂದ ಅವಳು ಹಾಗೆ ನಕ್ಕಿರಲಿಲ್ಲ.

ಮಾಡಿನ ಕೆಳಗೆ ಮತ್ತೆ ಬಾನೆಟ್ ಎತ್ತಿದೆ. ಉಳಿದಿದ್ದು ಒಂದೇ, ಬೆಲ್ಟು.

"ಅದನ್ನ ತೆಗೆಯೋದೇನೂ ಬೇಡ ಸಾರ್" ಅಂದರು ಲೈಬ್ರರಿಯನ್ನರು.

ಸಿಕ್ಕಿಬಿದ್ದೆಯಾ ಮಗನೇ ಅಂದುಕೊಂಡೆ. ಗಾಳಿ ಲೆಕ್ಕ ಬರೆಯೋನು, ಬೆಲ್ಟ್ ತೆಗೀಬೇಡ ಅಂತಾನೆ! "ಯಾಕೆ ಬೇಡ?" ಅಂತ ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ.

"ಬೇಡ ಅಂತಲ್ಲ, ನೀವ್ಯಾಕೆ ಸುಮ್ಮನೆ ಶ್ರಮ ತಗೋತೀರಿ ಅಂತ. ಎಂಬತ್ತೆಂಟು ಸಾವಿರಕ್ಕೆ ಬದಲಾಯಿಸಿದೆ. ಮುಂದಿನದು ಒಂದು ಲಕ್ಷದ ಎಂಬತ್ತೆಂಟಕ್ಕೆ. ಇನ್ನೂ ನಾಲ್ಕು ಸಾವಿರ ಇದೆ. ಒಳಗೇ ಬರೆದಿದೆಯಂತೆ."

"ಬರೆದದ್ದನ್ನೆಲ್ಲ ನಂಬೋಕೆ ಇದೇನು ನಿಮ್ಮ ಲೈಬ್ರರಿನಾ?" ಅಂದೆ. ತಂಗಿ ನನ್ನ ತೋಳು ಚಿವುಟಿದಳು. ಅವರು ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ನನಗೆ ಖುಷಿಯೋ ಖುಷಿ. ಎರಡು ಬೋಲ್ಟು, ಮೂರು ಕ್ಲಿಪ್ಪು. ಮೇಲಿನ ಕವರು ಎತ್ತಿ ಬೆಳಕಿಗೆ ತಿರುಗಿಸಿದೆ.

ಬಿಳೀ ಪೇಂಟು. ಎಂಬತ್ತೆಂಟು ಸಾವಿರ. ಹನ್ನೆರಡು ವರ್ಷದ ಹಿಂದಿನ ತಾರೀಕು. ಕೆಳಗೆ ತ್ರಿಕೋನ.

"ಅಣ್ಣಾ!" ತಂಗಿ ಕಿರುಚಿದಳು. "ನಿನ್ನ ತ್ರಿಕೋನ! ಸಾರ್, ಇದು ನಮ್ಮಣ್ಣನ ಗುರುತು! ಇವನೇ ಹಾಕಿರೋದು!"

ಲೈಬ್ರರಿಯನ್ನರ ಮುಖ ಅರಳಿತು. "ನೀವೇನಾ ಸಾರ್ ಅದು? ಕೌಂಟರಿನಲ್ಲಿ ಬಿಟ್ಟು ಹೋಗಿದ್ದೆ, ಯಾರು ಕೆಲಸ ಮಾಡಿದರು ಅಂತ ನೋಡಿರಲೇ ಇಲ್ಲ. ಅವತ್ತೇ ನನಗೆ ವರ್ಗ ಆಗಿತ್ತು, ಸಾಮಾನೆಲ್ಲ ಲಾರಿಗೆ ಹಾಕಿ ಕಾರಿಗೆ ಕಾಯ್ತಿದ್ದೆ. ನಿಮ್ಮ ಬೆಲ್ಟು ಹನ್ನೆರಡು ವರ್ಷ ಎಲ್ಲೂ ಕೈ ಕೊಟ್ಟಿಲ್ಲ ನೋಡಿ." ಅಂದವರೇ ನನ್ನ ಎಣ್ಣೆ ಕೈಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡರು.

ಅವತ್ತಿನದನ್ನ ಮರೆತಿದ್ದೆ ಅಂದರೆ ನೀವು ನಂಬ್ತೀರೇನೋ. ಮರೆತಿರಲಿಲ್ಲ. ಪೇಂಟು ಒಣಗೋಕೆ ಅರ್ಧ ಗಂಟೆ ಬೇಕು. ಅದಕ್ಕೇ ನಾನು ಮೊದಲು ಬರೆದು ಕವರನ್ನ ಬೆಂಚಿನ ಮೇಲಿಟ್ಟು, ಆಮೇಲೆ ಬೆಲ್ಟಿಗೆ ಕೈ ಹಾಕ್ತಿದ್ದೆ. ಬೇರೆಯವರು ಹಾಕಿ ಬರೀತಿದ್ದರು, ಒಣಗೋವರೆಗೂ ಕೈಕಟ್ಟಿ ನಿಲ್ತಿದ್ದರು, ಅವರನ್ನ ಕಂಡರೆ ನನಗೆ ತಾತ್ಸಾರ. ಅವತ್ತೂ ಬರೆದಿಟ್ಟೆ. ಅಂಗಡಿಯಿಂದ ಬಂದ ಬೆಲ್ಟಿನ ಅಳತೆ ಬೇರೆ, ಹಲ್ಲು ಕೂರಲಿಲ್ಲ. ಸರಿಯಾದದ್ದು ನಾಳೆ ಅಂದರು. ಪಾರ್ಟಿ ಊರು ಬಿಡ್ತಿದ್ದಾರೆ, ಗಾಡಿ ಈಗಲೇ ಬೇಕು ಅಂತ ಕೌಂಟರಿನಿಂದ ಕೂಗಿದರು. ಹಳೇ ಬೆಲ್ಟನ್ನ ನೋಡಿದೆ. ಇನ್ನಷ್ಟು ದಿನ ಬರುತ್ತೆ, ಮುಂದಿನ ಸಲ ಹಾಕಿದರಾಯ್ತು ಅಂದುಕೊಂಡೆ. ಕವರಿನ ಮೇಲಿನ ಪೇಂಟು ಒಣಗಿಬಿಟ್ಟಿತ್ತು. ಅಳಿಸೋಕೆ ಥಿನ್ನರ್ ಬೇಕು, ಥಿನ್ನರ್ ಡಬ್ಬ ಶೆಡ್ಡಿನ ಆ ತುದೀಲಿತ್ತು. ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಕವರು ಹಾಕಿ ಕೈ ತೊಳೆದು ಊಟಕ್ಕೆ ಹೋದೆ. ಒಂದೆರಡು ವರ್ಷ ಆ ಬೂದು ಕಾರು ಬರುತ್ತೇನೋ ಅಂತ ಗೇಟಿನ ಕಡೆ ನೋಡ್ತಿದ್ದೆ. ಆಮೇಲೆ ನೋಡೋದೂ ಬಿಟ್ಟೆ.

ಟಾರ್ಚು ಬಿಟ್ಟು ಬೆಲ್ಟು ನೋಡಿದೆ. ಹೊಸ ಗಾಡಿಗೆ ಕಂಪನಿಯವರು ಹಾಕಿದ ಅದೇ ಬೆಲ್ಟು. ಅಂಚು ನಾರು ನಾರಾಗಿ ಬಿಚ್ಚಿಕೊಂಡಿತ್ತು, ಹಲ್ಲುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕು. ಅದರ ಮೇಲೆ ಈಗ ತಾನೆ ನನ್ನ ತಂಗೀನ ಕೂರಿಸಿಕೊಂಡು ತೊಂಬತ್ತರಲ್ಲಿ ಹೋಗಿ ಬಂದಿದ್ದೆ.

"ಹನ್ನೆರಡು ವರ್ಷ ಆಯ್ತಲ್ಲ" ಅಂದೆ. "ರಬ್ಬರು ಒಣಗಿರುತ್ತೆ. ಗಾಡಿ ಇಲ್ಲೇ ಇರಲಿ. ನಾಳೆ ಬಂದು ನಾನೇ ಹೊಸದು ಹಾಕ್ತೀನಿ, ಪುಕ್ಕಟೆ."

ನೋಡಿ, ಎಷ್ಟು ಚೆನ್ನಾಗಿ ಬಂತು ಬಾಯಿಗೆ. ಸುಳ್ಳೂ ಅಲ್ಲ. ಹೀಗೆ ಹೇಳೋರನ್ನ ನಾನು ಇಪ್ಪತ್ತು ಮಾರಿನಿಂದಲೇ ಗುರುತು ಹಿಡೀತೀನಿ.

ತಂಗಿ ಸೊಂಟದ ಮೇಲೆ ಕೈಯಿಟ್ಟಳು. "ಶುರುವಾಯ್ತಾ? ನಾಲ್ಕು ಸಾವಿರ ಇನ್ನೂ ಬಾಕಿ ಇದೆ. ನಿನ್ನ ತ್ರಿಕೋನ ಬೇರೆ. ಯಾರೂ ಸಿಗದಿದ್ದರೆ ನಿನ್ನ ಕೆಲಸದಲ್ಲೇ ನೀನು ಹುಳುಕು ತೆಗೀತೀಯ? ಸಾಕಪ್ಪ ಸಾಕು! ನಾಳೆ ಒಂದು ದಿನ ನಾನು ಆ ದಾರೀಲಿ ಓಡಿಸಿ ಅಭ್ಯಾಸ ಮಾಡ್ಕೋಬೇಕು. ಬೆಲ್ಟು ಮುಂದಿನ ವಾರ ಹಾಕು. ಸಾರ್, ಕೀ ಕೊಡಿ."

ಲೈಬ್ರರಿಯನ್ನರು ಕೀ ಕೊಟ್ಟರು. ನನ್ನ ಕೈಯಿಂದ ಕವರು ಕಸಿದು ಕೂರಿಸಿದಳು, ಕ್ಲಿಪ್ಪು ಒತ್ತಿದಳು, ಬಾನೆಟ್ ಇಳಿಸಿದಳು. ಒಳಗೆ ಕೂತು ಸೀಟ್ ಬೆಲ್ಟ್ ಹಾಕ್ಕೊಂಡಳು, ಕನ್ನಡಿ ಸರಿ ಮಾಡಿದಳು. ಎಂಜಿನ್ ಹಿಡೀತು, ಒಂದೇ ಸಲಕ್ಕೆ.

ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಕಿತ್ತುಕೊಂಡೆ.

"ಏನಾಗಿದೆ ನಿನಗೆ?"

"ಇದರ ಬೆಲ್ಟು ನಾನು ಬದಲಾಯಿಸಿಲ್ಲ."

"ಅಂದ್ರೆ?"

"ಬರೆದೆ. ಹಾಕಲಿಲ್ಲ."

ಉಳಿದದ್ದನ್ನ ಮೂರು ಮಾತಲ್ಲಿ ಹೇಳಿದೆ. ಥಿನ್ನರ್ ಡಬ್ಬದ ಇಪ್ಪತ್ತು ಹೆಜ್ಜೇನೂ ಬಿಡಲಿಲ್ಲ. ಲೈಬ್ರರಿಯನ್ನರು ಬೈತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ಬೈಯೋರಿಗೆ ಉತ್ತರ ಕೊಡೋದು ನನಗೆ ಗೊತ್ತು. ಅವರು ಫೈಲು ಬಿಚ್ಚಿ, ಹನ್ನೆರಡು ವರ್ಷದ ಹಿಂದಿನ ಚೀಟಿ ಹುಡುಕಿ, ಕನ್ನಡಕ ಮೇಲೆ ಮಾಡಿ ಓದಿದರು.

"ವರ್ಗ ಆಗಿ ಹೋದ ಊರಲ್ಲಿ ಎರಡು ಸಲ ಈ ಕವರು ತೆಗೆಸಿದ್ದೆ ಸಾರ್" ಅಂದರು. "ಎರಡು ಸಲಾನೂ ಮೆಕ್ಯಾನಿಕ್ಕು ತ್ರಿಕೋನ ನೋಡಿ, ಇದು ಬಲ್ಲವರ ಕೆಲಸ, ಮುಟ್ಟೋದು ಬೇಡ ಅಂತ ಮುಚ್ಚಿದ." ಒಂದು ಹಾಳೆ ತಿರುಗಿಸಿ, "ಮಗಳನ್ನ ಹೆರಿಗೆಗೆ ಕರ್ಕೊಂಡು ಹೋದದ್ದು ಇದರಲ್ಲೇ" ಅಂದರು. ನನಗೆ ಹೇಳಿದ್ದಲ್ಲ, ಫೈಲಿಗೆ ಹೇಳಿದ ಹಾಗಿತ್ತು.

ತಂಗಿ ಕಾರಿಂದ ಇಳಿದಳು. ನನ್ನೆದುರು ಬಂದು ನಿಂತು ಕಣ್ಣಲ್ಲಿ ಕಣ್ಣಿಟ್ಟಳು. ಏಳು ಕಾರಿನ ಮುಂದೆ ನಾನು ಹೇಗೆ ನಿಂತಿದ್ದೆನೋ ಥೇಟ್ ಹಾಗೇ.

"ಇನ್ನೇನು ಮುಚ್ಚಿಟ್ಟಿದ್ದೀರಿ?"

ನನ್ನನ್ನ ಅವಳು ಯಾವತ್ತೂ ಬಹುವಚನದಲ್ಲಿ ಕರೆದವಳಲ್ಲ.

"ಇದೊಂದೇ" ಅಂದೆ.

ಭಾನುವಾರ ಸ್ಪೇರ್ ಅಂಗಡಿ ಮುಚ್ಚಿರುತ್ತೆ. ಅಂಗಡಿಯವನ ಮನೆ ಬಾಗಿಲು ಬಡಿದು, ಅವನಿಗೆ ಹಲ್ಲುಜ್ಜೋಕೂ ಬಿಡದೆ ಎಬ್ಬಿಸಿ ಬೆಲ್ಟು, ಅದನ್ನ ಬಿಗಿ ಹಿಡಿಯೋ ಟೆನ್ಷನರು, ನೀರಿನ ಪಂಪು ತಂದೆ. ಲೈಬ್ರರಿಯನ್ನರು ಮಾಡಿನ ಕೆಳಗೆ ಮಣೆ ಹಾಕಿದ್ದರು. ಅದರ ಮೇಲೆ ತಂಗಿ ಕೂರಲಿಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನನ್ನ ಬಲಗಡೆ ನಿಂತು, ನನ್ನ ಕೈಯನ್ನೇ ನೋಡಿದಳು. ರಕ್ತ ತೆಗೆಯೋವಾಗ ನರ ಹುಡುಕೋ ನೋಟ ಅದು. ಹಳೇ ಬೆಲ್ಟು ಕಳಚಿ ಕೈಯಲ್ಲಿ ಮಡಿಸಿದೆ, ಮೂರು ಹಲ್ಲು ಕಿತ್ತು ನೆಲಕ್ಕೆ ಬಿದ್ದವು. ಅವಳು ಬಗ್ಗಿ ಆ ಹಲ್ಲುಗಳನ್ನ ಆರಿಸಿಕೊಂಡು ತನ್ನ ಪರ್ಸಿಗೆ ಹಾಕ್ಕೊಂಡಳು.

ಹೊಸದು ಕೂರಿಸಿದೆ, ಬಿಗಿ ನೋಡಿದೆ, ಎಂಜಿನ್ನನ್ನ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತುಗಳನ್ನ ತಾಳೆ ನೋಡಿದೆ. ಕವರನ್ನ ಥಿನ್ನರಿನಲ್ಲಿ ಒರೆಸಿ ಶುದ್ಧ ಮಾಡಿದೆ. ಪೇಂಟಿನ ಡಬ್ಬ ಬಿಚ್ಚಿ ಬ್ರಷ್ ಅದ್ದಿದಾಗ ಅವಳು ಕೈ ಚಾಚಿದಳು.

"ಕೊಡು ಇಲ್ಲಿ."

ಕೊಟ್ಟೆ. ಸ್ಯಾಂಪಲ್ ಬಾಟಲಿ ಮೇಲೆ ಬರೆದು ಬರೆದು ದುಂಡಗಾದ ಅಕ್ಷರ ಅವಳದು. ಮೀಟರಿನ ಹತ್ತಿರ ಹೋಗಿ ಕಿಲೋಮೀಟರು ನೋಡ್ಕೊಂಡು ಬಂದು ಬರೆದಳು, ತಾರೀಕು ಬರೆದಳು. ತ್ರಿಕೋನದ ಜಾಗದಲ್ಲಿ ಒಂದು ಕ್ಷಣ ಬ್ರಷ್ ನಿಲ್ಲಿಸಿ, ಹಾಗೇ ಎತ್ತಿಬಿಟ್ಟಳು. ಒಣಗೋವರೆಗೂ ಮೂವರೂ ಕೈಕಟ್ಟಿ ನಿಂತೆವು, ಅರ್ಧ ಗಂಟೆ.

ಸಂಜೆ ಅವಳು ಕಾರನ್ನ ಗೇಟಿನಿಂದ ಆಚೆ ತೆಗೆದಳು. ನಾನು ಪಕ್ಕದ ಬಾಗಿಲಿಗೆ ಕೈ ಹಾಕಿದೆ. ಅವಳು ಗಾಜು ಇಳಿಸಿದಳು.

"ಅಣ್ಣ, ನೀನು ಯಾವಾಗಲೂ ಮೊದಲು ಬರೆದಿಡ್ತಿದ್ದೆ ಅಂದೆಯಲ್ಲ."

"ಹೂಂ."

"ಅಂಗಡಿಯವರು ತಪ್ಪು ಬೆಲ್ಟು ಕಳಿಸಿದ್ದು ಇದೊಂದೇ ಸಲಾನಾ?"

ನಾನು ಬಾಗಿಲು ತೆಗೀಲಿಲ್ಲ. ಅವಳು ಮೊದಲ ಗೇರಿಗೆ ಹಾಕಿ, ನಾಲಿಗೆ ಕಚ್ಚಿಕೊಂಡು, ನಿಧಾನಕ್ಕೆ ರಸ್ತೆಗಿಳಿದಳು. ಸೋಮವಾರ ಆರಕ್ಕೆ ಐದು ನಿಮಿಷ ಮುಂಚೆ ಲ್ಯಾಬಿನ ಬಾಗಿಲಲ್ಲಿದ್ದಳಂತೆ, ಅವಳ ಗಂಡ ಹೇಳಿದ.

ನಾನು ಅವತ್ತಿಂದ ತ್ರಿಕೋನ ಬರೆದಿದ್ದ ಹಳೇ ಕಾರುಗಳನ್ನ ನೆನಪು ಮಾಡ್ಕೊಳ್ತಾ ಕೂತಿದ್ದೀನಿ. ಒಂದು ಹಸಿರು ಕಾರು ಇತ್ತು, ಡಾಕ್ಟರದು. ಇನ್ನೊಂದು ಶಾಲೆ ಮಕ್ಕಳ ವ್ಯಾನು. ಆ ವ್ಯಾನಿನ ನಂಬರು ನೆನಪಾಗ್ತಿಲ್ಲ.